ಒಂದು ಇಂಜೆಕ್ಷನ್, ಐದು ದಾರಿ

ತಾಲ್ಲೂಕು ಆಸ್ಪತ್ರೆಯ ಇಂಜೆಕ್ಷನ್ ರೂಮಿಗೆ ಹೋದಾಗ ಒಮ್ಮೆ ಸಿಸ್ಟರ್ ಕೈಯನ್ನೇ ಗಮನಿಸಿ. ನಾವು ತೋಳು ಉಜ್ಜಿಕೊಳ್ಳುತ್ತಾ ಎದ್ದು ಬರುತ್ತೇವೆ. ಅವರ ಕೆಲಸ ಇನ್ನೂ ಮುಗಿದಿರುವುದಿಲ್ಲ. ಸಿರಿಂಜಿನ ತುದಿಯನ್ನು ಹಬ್ ಕಟರ್‌ಗೆ ತೂರಿಸಿ ಒತ್ತುತ್ತಾರೆ. ಟಕ್ ಅಂತ ಸೂಜಿ ಕತ್ತರಿಸಿ ಬೀಳುತ್ತದೆ. ಅದು ಹೋಗುವುದು ಸುಲಭವಾಗಿ ತೂತಾಗದ ಬಿಳಿ ಡಬ್ಬಿಗೆ. ಉಳಿದ ಪ್ಲಾಸ್ಟಿಕ್ ಸಿರಿಂಜ್ ಕೆಂಪು ಬಕೆಟ್‌ಗೆ. ರಕ್ತ ಅಂಟಿದ ಹತ್ತಿ ಹಳದಿಗೆ, ಔಷಧಿಯ ಗಾಜಿನ ಸೀಸೆ ನೀಲಿಗೆ. ಸಿರಿಂಜ್ ಸುತ್ತಿ ಬಂದಿದ್ದ ಕವರ್ ಮಾತ್ರ ಮಾಮೂಲಿ ಕಸ.

ಆಸ್ಪತ್ರೆಯ ಕಸವನ್ನು ಹೀಗೆ ಬೇರೆ ಬೇರೆ ಮಾಡಲು ನಮ್ಮ ದೇಶದಲ್ಲಿ 1998ರಲ್ಲೇ ನಿಯಮ ಬಂತು. ಈಗ ನಡೆಯುತ್ತಿರುವುದು 2016ರ ನಿಯಮ. ಬಣ್ಣಗಳ ಚಾರ್ಟ್ ಆಸ್ಪತ್ರೆಯ ಗೋಡೆ ಮೇಲೆ ಅಂಟಿಸಿರುತ್ತದೆ, ಎಷ್ಟೋ ಜನರಿಗೆ ಬಾಯಿಪಾಠವೂ ಆಗಿರುತ್ತದೆ. ಆದರೆ ಬಾಯಿಪಾಠ ಬೇರೆ, ಅರ್ಥವಾಗುವುದು ಬೇರೆ ಅಲ್ವಾ? ಬಕೆಟ್ಟಿನ ಬಣ್ಣ ಹೇಳುವುದು ಆ ಕಸ ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು. ಇದು ತಿಳಿದವರಿಗೆ ಚಾರ್ಟ್ ನೋಡುವ ಅಗತ್ಯವೇ ಬರುವುದಿಲ್ಲ.

ಹಳದಿ ಚೀಲದಲ್ಲಿದ್ದದ್ದು ಹೆಚ್ಚಾಗಿ ಕುಲುಮೆಗೆ ಹೋಗುತ್ತದೆ. ಅಲ್ಲಿ ಕಸ ಸುಟ್ಟ ಮೇಲೆ ಹೊಗೆಯನ್ನೂ ಇನ್ನೊಂದು ಕೋಣೆಯಲ್ಲಿ ಸುಮಾರು 1050 ಡಿಗ್ರಿಯಲ್ಲಿ ಮತ್ತೆ ಸುಡುತ್ತಾರೆ. ಕೆಂಪು ಚೀಲದ್ದು ಆಟೋಕ್ಲೇವ್‌ಗೆ. ಅದೊಂದು ದೊಡ್ಡ ಕುಕ್ಕರ್ ಅಂದುಕೊಳ್ಳಿ. ನಮ್ಮ ಅಡುಗೆಮನೆಯ ಕುಕ್ಕರ್‌ನಲ್ಲಿ ಇರುವಷ್ಟೇ ಒತ್ತಡ, 121 ಡಿಗ್ರಿ ಶಾಖ, ಒಂದು ಗಂಟೆ. ಒಳಗಿನ ಕ್ರಿಮಿಗಳು ನಿಜವಾಗಿ ಸತ್ತವಾ ಅಂತ ನೋಡಲು, ಶಾಖಕ್ಕೆ ಸುಲಭವಾಗಿ ಜಗ್ಗದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಕಸದ ಜೊತೆ ಇಟ್ಟು ಬೇಯಿಸುತ್ತಾರೆ. ಅವೇ ಸತ್ತರೆ ಮಿಕ್ಕವು ಉಳಿಯುವ ಮಾತೇ ಇಲ್ಲ. ಆಮೇಲೆ ಪ್ಲಾಸ್ಟಿಕ್ಕನ್ನು ಚೂರು ಮಾಡಿ ಮರುಬಳಕೆಗೆ ಕಳಿಸುತ್ತಾರೆ. ಈ ಚೂರು ಮಾಡುವುದು ಬಹಳ ಮುಖ್ಯ, ಯಾಕೆಂದರೆ ಇಡಿಯಾಗಿ ಹೊರಗೆ ಹೋದ ಸಿರಿಂಜ್ ಇನ್ನೊಬ್ಬರ ತೋಳಿಗೆ ಬರಬಹುದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು ಹರಡಿ ಜನ ಸತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣವಾಗಿತ್ತು.

ಈಗ ಕೈತಪ್ಪಿದರೆ ಏನಾಗುತ್ತದೆ ನೋಡಿ. ಪಿವಿಸಿ ಪ್ಲಾಸ್ಟಿಕ್ ಹಳದಿಗೆ ಬಿದ್ದರೆ ಅದರಲ್ಲಿರುವ ಕ್ಲೋರಿನ್‌ನಿಂದ, ಸುಡುವಾಗ ಡಯಾಕ್ಸಿನ್ ಎಂಬ ವಿಷ ಹುಟ್ಟಬಹುದು. ಒಂದು ಆಸ್ಪತ್ರೆಯ ಕಸದಲ್ಲಿ 100ಕ್ಕೆ ಸುಮಾರು 85 ಪಾಲು ನಮ್ಮ ಮನೆಯ ಕಸದಂಥದ್ದೇ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಮೇಲೆ ರಕ್ತದ ಬ್ಯಾಂಡೇಜ್ ಎಸೆದರೆ ಅಷ್ಟೂ ಅಪಾಯದ ಕಸವಾಗಿಬಿಡುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಸೂಜಿ. ಅವಸರದಲ್ಲಿ ಅದು ಕೆಂಪು ಚೀಲಕ್ಕೆ ಬಿತ್ತು ಅನ್ನಿ. ಚುಚ್ಚುವುದು ಹಾಕಿದವರಿಗಲ್ಲ, ಚೀಲ ಕಟ್ಟಿ ಎತ್ತುವ ಗ್ರೂಪ್ ಡಿ ನೌಕರರಿಗೆ, ಕಸ ಸಂಸ್ಕರಿಸುವ ಘಟಕದಲ್ಲಿ ಚೀಲ ಇಳಿಸುವವರಿಗೆ. ಆ ಸೂಜಿಯಲ್ಲಿ ಹೆಪಟೈಟಿಸ್ ಬಿ ಇದ್ದು, ಚುಚ್ಚಿಸಿಕೊಂಡವರು ಲಸಿಕೆ ಹಾಕಿಸಿಕೊಂಡಿರದಿದ್ದರೆ, 100ರಲ್ಲಿ 30 ಜನರವರೆಗೂ ಸೋಂಕು ತಗಲಬಹುದು. ಎಚ್‌ಐವಿಗೆ ಈ ಲೆಕ್ಕ 1000ಕ್ಕೆ ಸುಮಾರು 3. ಅದಕ್ಕೇ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಲೇಬೇಕು ಅಂತ ನಿಯಮದಲ್ಲಿದೆ. ಗುತ್ತಿಗೆ ಕೆಲಸದವರೂ ಅದರಲ್ಲಿ ಸೇರಿದ್ದಾರೆ. ಚುಚ್ಚಿದರೆ ಗಾಯ ಹಿಂಡಬಾರದು, ಸೋಪು ನೀರಲ್ಲಿ ತೊಳೆದು ತಕ್ಷಣ ಡಾಕ್ಟರ ಬಳಿ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಇಷ್ಟನ್ನೂ ಹೇಳಿಕೊಡಲು ಚಾರ್ಟ್ ಸಾಲದು. ಡಾಕ್ಟರು, ಸಿಸ್ಟರು, ಆಯಾ ಎಲ್ಲರನ್ನೂ ಒಂದು ಸಲ ಕಸ ಸಂಸ್ಕರಿಸುವ ಘಟಕಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿ ವ್ಯಾನಿನಿಂದ ಚೀಲ ಇಳಿಸುವವರು ಅದರ ಕುತ್ತಿಗೆ ಹಿಡಿದು, ಕಾಲಿಗೆ ತಾಗದ ಹಾಗೆ ದೂರಕ್ಕೆ ಚಾಚಿ ನಡೆಯುತ್ತಾರೆ. ಒಳಗೆ ಏನಿದೆಯೋ ಅವರಿಗೆ ಗೊತ್ತಿರುವುದಿಲ್ಲ.