ಹಿಮ್ಮಡಿ ಕಾಣದ ವಿಡಿಯೊಗಳು

ಎರಡೂವರೆ ವರ್ಷದ ಮಗು ಇನ್ನೂ ತುದಿಗಾಲಲ್ಲೇ ನಡೆಯುತ್ತಿದೆ ಅಂತಿಟ್ಟುಕೊಳ್ಳಿ. ಮಗು ಮಲಗಿದ ಮೇಲೆ ಅಪ್ಪನೋ ಅಮ್ಮನೋ ಫೋನ್ ಹಿಡಿದು ‘ತುದಿಗಾಲ ನಡಿಗೆಗೆ ವ್ಯಾಯಾಮ’ ಅಂತ ಹುಡುಕುತ್ತಾರೆ. ವಿಡಿಯೊಗಳಿಗೇನೂ ಬರವಿಲ್ಲ. ಒಂದರಲ್ಲಿ ಯಾರೋ ಮಗುವಿನ ಪಾದ ಹಿಡಿದು ಮೇಲಕ್ಕೆ ಒತ್ತುತ್ತಾರೆ, ಇನ್ನೊಂದರಲ್ಲಿ ಮಗುವನ್ನು ದೊಡ್ಡ ಚೆಂಡಿನ ಮೇಲೆ ಕೂರಿಸಿ ಆಡಿಸುತ್ತಾರೆ, ಮತ್ತೊಂದರಲ್ಲಿ ಸಂಗೀತದ ಜೊತೆ ‘ಮೊದಲು ಹೀಗಿತ್ತು, ಈಗ ನೋಡಿ’. ಹುಡುಕುವವರದ್ದು ಖಂಡಿತ ತಪ್ಪಲ್ಲ. ಥೆರಪಿಸ್ಟ್ ಜೊತೆ ವಾರಕ್ಕೆ ಒಂದು ಗಂಟೆ ಸಿಕ್ಕರೆ ಉಳಿದ 167 ಗಂಟೆ ಮಗು ಮನೆಯವರ ಕೈಯಲ್ಲೇ ಇರುತ್ತದೆ. ಅಷ್ಟು ಹೊತ್ತು ಸುಮ್ನೆ ಕೂರಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ತೊಡಕು ಆ ಹುಡುಕಾಟದಲ್ಲೇ ಇದೆ. ತುದಿಗಾಲ ನಡಿಗೆ ಅನ್ನುವುದು ಕಾಯಿಲೆಯ ಹೆಸರಲ್ಲ, ಕಣ್ಣಿಗೆ ಕಾಣುವ ಒಂದು ಲಕ್ಷಣ ಅಷ್ಟೆ. ಅದರ ಹಿಂದೆ ಏನಿದೆ ಅಂತ ಗೊತ್ತಾಗದೆ ವ್ಯಾಯಾಮ ಆರಿಸಲು ಆಗುವುದಿಲ್ಲ.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನಲ್ಲಿ, ಇನ್ನೂ ಬೆಳೆಯುತ್ತಿದ್ದ ಮೆದುಳಿಗೆ ಹಾನಿಯಾಗಿರುತ್ತದೆ. ‘ಸಡಿಲವಾಗು’ ಅನ್ನುವ ಸೂಚನೆ ಮೀನಖಂಡದ ಸ್ನಾಯುವಿಗೆ ಸರಿಯಾಗಿ ತಲುಪುವುದಿಲ್ಲ, ಅದು ಬಿಗಿದು ಹಿಮ್ಮಡಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇರುವ ಹುಡುಗನ ಕತೆಯೇ ಬೇರೆ. ಡಿಸ್ಟ್ರೊಫಿನ್ ಅನ್ನುವ ಪ್ರೋಟೀನ್ ಇಲ್ಲದೆ ಅವನ ಸ್ನಾಯುಗಳೇ ಸವೆಯುತ್ತಿರುತ್ತವೆ. ಸೊಂಟ, ತೊಡೆ ಬಲ ಕಳೆದುಕೊಂಡಾಗ ಬೀಳದೆ ನಿಲ್ಲಲು ಅವನು ತುದಿಗಾಲನ್ನು ಆಸರೆ ಮಾಡಿಕೊಂಡಿರುತ್ತಾನೆ. ಮೊದಲ ಮಗುವಿಗೆ ಬಲ ಹೆಚ್ಚಿಸುವ ವ್ಯಾಯಾಮ ಒಳ್ಳೆಯದು. ಎರಡನೆಯವನಿಗೆ ಭಾರ ಕಟ್ಟಿ ಮಾಡಿಸುವ ಕಸರತ್ತು, ಮತ್ತೆ ಮತ್ತೆ ಮೆಟ್ಟಿಲು ಇಳಿಸುವಂಥ ಅಭ್ಯಾಸ, ಉಳಿದಿರುವ ಸ್ನಾಯುವನ್ನೂ ಹಾಳುಮಾಡಬಹುದು.

ಇನ್ನೂ ಒಂದು ಮಗು ಇದೆ. ಬೆಳಿಗ್ಗೆ ಎದ್ದಾಗ ಚೆನ್ನಾಗಿಯೇ ನಡೆಯುತ್ತದೆ, ಸಂಜೆ ಹೊತ್ತಿಗೆ ಪಾದ ತಿರುಚಿಕೊಂಡು ತುದಿಗಾಲಿಗೆ ಬರುತ್ತದೆ. ಜಪಾನಿನ ವೈದ್ಯ ಮಸಾಯಾ ಸೆಗಾವಾ 1970ರ ದಶಕದಲ್ಲಿ ವಿವರಿಸಿದ ಡಿಸ್ಟೋನಿಯಾ ಇದು, ಅಂದರೆ ಸ್ನಾಯುಗಳು ತಾವಾಗಿಯೇ ಬಿಗಿದು ತಿರುಚಿಕೊಳ್ಳುವ ತೊಂದರೆ. ಮೆದುಳಿನಲ್ಲಿ ಡೋಪಮೈನ್ ಸಾಕಷ್ಟು ತಯಾರಾಗದೆ ಹೀಗಾಗುತ್ತದೆ. ಲೆವೊಡೋಪಾ ಅನ್ನುವ ಔಷಧಿ ಸ್ವಲ್ಪ ಪ್ರಮಾಣದಲ್ಲಿ ಕೊಟ್ಟರೆ ಎಷ್ಟೋ ಮಕ್ಕಳು ಎದ್ದು ಓಡಾಡುತ್ತಾರೆ. ಸೆರೆಬ್ರಲ್ ಪಾಲ್ಸಿ ಅಂದುಕೊಂಡೇ ವರ್ಷಗಟ್ಟಲೆ ವ್ಯಾಯಾಮ ಮಾಡಿಸಿಕೊಂಡ ಮಕ್ಕಳೂ ಇದರಲ್ಲಿದ್ದಾರೆ. ಕೊನೆಗೆ ಏನೂ ಕಾಯಿಲೆ ಇಲ್ಲದೆ ಬರೀ ಅಭ್ಯಾಸಕ್ಕೆ ತುದಿಗಾಲಲ್ಲಿ ನಡೆಯುವ ಮಕ್ಕಳೂ ಬೇಕಾದಷ್ಟು.

ಈ ನಾಲ್ಕೂ ಮನೆಗಳಲ್ಲಿ ಫೋನ್ ತೋರಿಸುವುದು ಅದೇ ವಿಡಿಯೊಗಳನ್ನು. ‘ಇದು ಇಂಥ ತೊಂದರೆಯ, ಇಷ್ಟು ವಯಸ್ಸಿನ ಮಗುವಿಗೆ, ಇಂಥವರಿಗೆ ಬೇಡ’ ಅಂತ ಮೊದಲ ನಿಮಿಷದಲ್ಲಿ ಹೇಳದ ವಿಡಿಯೊವನ್ನು, ಅದೆಷ್ಟೇ ಚಂದವಾಗಿ ತೆಗೆದಿರಲಿ, ನಾನು ಒಳ್ಳೆಯದು ಅನ್ನಲಾರೆ.

ಸರಿ, ಸೆರೆಬ್ರಲ್ ಪಾಲ್ಸಿ ಅಂತ ಖಚಿತವಾಗಿದೆ, ಮೀನಖಂಡ ಹಿಗ್ಗಿಸಿ ಅಂತ ಡಾಕ್ಟರೇ ಹೇಳಿದ್ದಾರೆ ಅಂದುಕೊಳ್ಳೋಣ. ಆಗಲೂ ವಿಡಿಯೊ ಎಲ್ಲಿ ಕೈಕೊಡುತ್ತದೆ ನೋಡಿ. ಒಂದು ಕೈ ಮಂಡಿ ಮೇಲೆ, ಇನ್ನೊಂದು ಅಂಗೈ ಕಾಲ್ಬೆರಳುಗಳ ಬುಡಕ್ಕೆ. ಅಲ್ಲಿಂದ ಪಾದವನ್ನು ಮೇಲಕ್ಕೆ ಒತ್ತುತ್ತಾರೆ. ನೋಡಲು ಪಾದ ಚೆನ್ನಾಗಿ ಮಡಚಿದಂತೆ ಕಾಣುತ್ತದೆ. ಆದರೆ ಮಡಚಿದ್ದು ಯಾವ ಕೀಲು? ಮೀನಖಂಡದ ಸ್ನಾಯು ಹೋಗಿ ಅಂಟಿಕೊಂಡಿರುವುದು ಹಿಮ್ಮಡಿ ಮೂಳೆಗೆ. ಹಿಮ್ಮಡಿ ಕೆಳಗಿಳಿಯದೆ ಆ ಸ್ನಾಯು ಹಿಗ್ಗುವುದಿಲ್ಲ. ಹಿಮ್ಮಡಿ ಇನ್ನೂ ಮೇಲೇ ಸಿಕ್ಕಿಕೊಂಡಿರುವಾಗ ಪಾದದ ಮುಂಭಾಗವನ್ನು ಒತ್ತಿದರೆ ಬಗ್ಗುವುದು ಪಾದದ ನಡುಭಾಗ. ಮಗುವಿನ ಪಾದ ಎಳೆಯದು. ತಿಂಗಳುಗಟ್ಟಲೆ ಹೀಗೇ ಒತ್ತುತ್ತಾ ಹೋದರೆ ಪಾದದ ಕಮಾನು ಕುಸಿದು ಅಂಗಾಲು ದೋಣಿಯ ತಳದ ಹಾಗೆ ಉಬ್ಬಬಹುದು.

ಸರಿಯಾದ ಹಿಡಿತದಲ್ಲಿ ಹಿಮ್ಮಡಿ ನಿಮ್ಮ ಅಂಗೈಯ ಬಟ್ಟಲಲ್ಲಿ ಕೂತಿರುತ್ತದೆ. ಅದು ಹೊರಕ್ಕೆ ವಾಲದಂತೆ ನೆಟ್ಟಗೆ ಹಿಡಿದು ನಿಧಾನಕ್ಕೆ ಕೆಳಗೆಳೆಯಬೇಕು. ಮುಂಗೈ ಅಂಗಾಲಿಗೆ ಒರಗಿರುತ್ತದೆ, ಅದೇ ಪಾದವನ್ನು ಮೇಲಕ್ಕೆ ತರುತ್ತದೆ. ಮಂಡಿ ನೇರವಿದ್ದಾಗ ಮೇಲ್ಪದರದ ಸ್ನಾಯು ಹಿಗ್ಗುತ್ತದೆ, ಮಂಡಿ ಮಡಚಿದಾಗ ಅದು ಸಡಿಲಾಗಿ ಎಳೆತ ಒಳಪದರದ ಸ್ನಾಯುವಿಗೆ ಬೀಳುತ್ತದೆ. ಇಷ್ಟೆಲ್ಲ ನಡೆಯುವುದು ಕೈಯ ಮರೆಯಲ್ಲಿ, ಹಿಮ್ಮಡಿಯ ಹಿಂದೆ. ಕ್ಯಾಮೆರಾ ಇರುವುದು ಮುಂದೆ. ಹಾಗಾಗಿ ನೋಡಿದವರು ಕಲಿಯುವುದು ‘ಪಾದ ಒತ್ತಬೇಕು’ ಅನ್ನುವುದನ್ನು ಮಾತ್ರ.

ವೇಗದ ವಿಚಾರವೂ ಹೀಗೇ. ನರವೈದ್ಯ ಜೇಮ್ಸ್ ಲಾನ್ಸ್ 1980ರಲ್ಲಿ ಸ್ಪಾಸ್ಟಿಸಿಟಿಗೆ, ಅಂದರೆ ಸೆರೆಬ್ರಲ್ ಪಾಲ್ಸಿಯಲ್ಲಿ ಕಾಣುವ ಈ ಸ್ನಾಯುಬಿಗಿತಕ್ಕೆ, ಕೊಟ್ಟ ವಿವರಣೆ ಇವತ್ತಿಗೂ ಚಾಲ್ತಿಯಲ್ಲಿದೆ: ಸ್ನಾಯುವನ್ನು ಎಷ್ಟು ವೇಗವಾಗಿ ಎಳೆಯುತ್ತೀರೋ ಅಷ್ಟು ಜೋರಾಗಿ ಅದು ಬಿಗಿದುಕೊಳ್ಳುತ್ತದೆ. ಅಂದಮೇಲೆ ನಿಧಾನವೇ ಇಲ್ಲಿ ಎಲ್ಲಾ. ಅರ್ಧ ನಿಮಿಷದ ಚುಟುಕು ವಿಡಿಯೊದಲ್ಲಿ ಆರು ವ್ಯಾಯಾಮ ತುರುಕಿದಾಗ ಆ ನಿಧಾನವೇ ಕಾಣೆಯಾಗುತ್ತದೆ, ಅಲ್ವಾ? ನೋಡಿದ ಅಮ್ಮ ಅದೇ ವೇಗದಲ್ಲಿ ಮಾಡುತ್ತಾರೆ, ಕಾಲು ಮರದ ಹಾಗೆ ಬಿಗಿಯುತ್ತದೆ, ‘ಇನ್ನೂ ಜೋರಾಗಿ ಒತ್ತಬೇಕೇನೋ’ ಅಂದುಕೊಳ್ಳುತ್ತಾರೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಮಗು ಅಳುತ್ತಿರುವಾಗಲೂ ‘ಪರವಾಗಿಲ್ಲ, ಅಳಲಿ, ಅಭ್ಯಾಸವಾಗುತ್ತೆ’ ಅನ್ನುವ ವಿಡಿಯೊಗಳನ್ನು ಕಂಡಾಗ. ನೋವು, ಭಯ ಎರಡೂ ಬಿಗಿತವನ್ನು ಹೆಚ್ಚಿಸುತ್ತವೆ. ನಿಲ್ಲದ, ನಡೆಯದ ಮಕ್ಕಳ ಮೂಳೆಗಳು ಗಟ್ಟಿಯಾಗಿರುವುದಿಲ್ಲ, ಬಲವಂತವಾಗಿ ಎಳೆದಾಗ ತೊಡೆಮೂಳೆ ಮಂಡಿಯ ಹತ್ತಿರ ಮುರಿಯುವುದೂ ಉಂಟು. ಮಾತು ಬಾರದ ಮಗುವಿಗೆ ಅಳುವೇ ಮಾತು, ಅದನ್ನು ಕೇಳಿಸಿಕೊಳ್ಳಬೇಕು. ಇನ್ನೊಂದು ಮಾತು, ಆ ಅಳುವ ಮುಖವನ್ನು ಲಕ್ಷಾಂತರ ಜನ ನೋಡುವ ಹಾಗೆ ಹಾಕಲು ಆ ಮಗುವನ್ನು ಯಾರೂ ಕೇಳಿರುವುದಿಲ್ಲ.

‘ಮೊದಲು–ಆಮೇಲೆ’ ವಿಡಿಯೊಗಳಿಗೆ ಬರೋಣ, ಯಾಕೆಂದರೆ ಜನ ಸೋಲುವುದು ಅಲ್ಲೇ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕ್ಯಾನ್‌ಚೈಲ್ಡ್ ಕೇಂದ್ರದ ತಂಡ 1997ರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನು ಅವರ ಓಡಾಟದ ಶಕ್ತಿಗೆ ತಕ್ಕಂತೆ 5 ಹಂತಗಳಾಗಿ ವಿಂಗಡಿಸುವ ಪದ್ಧತಿ ರೂಪಿಸಿತು. 1ನೇ ಹಂತದ ಮಗು ಓಡುತ್ತದೆ, ಜಿಗಿಯುತ್ತದೆ. 5ನೇ ಹಂತದ ಮಗುವಿಗೆ ತಲೆ ಎತ್ತಿ ಹಿಡಿಯುವುದೂ ಕಷ್ಟ. ಆಮೇಲೆ ಅದೇ ತಂಡ 657 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಬೆಳವಣಿಗೆಯ ರೇಖೆಗಳನ್ನು ಪ್ರಕಟಿಸಿತು. ಮಗು ತನ್ನಿಂದಾಗಬಹುದಾದ ಚಲನೆಯ ಶೇಕಡಾ 90 ಭಾಗವನ್ನು 1ನೇ ಹಂತದಲ್ಲಾದರೆ ಸುಮಾರು 5 ವರ್ಷದೊಳಗೆ, 5ನೇ ಹಂತದಲ್ಲಾದರೆ 3 ವರ್ಷದೊಳಗೇ ಮುಟ್ಟುತ್ತದೆ ಅಂತ ಅದರಲ್ಲಿ ಗೊತ್ತಾಯಿತು. ಅಂದರೆ ಒಂದೂವರೆಯಿಂದ ಮೂರು ವರ್ಷದ ನಡುವೆ ಎಷ್ಟೋ ಮಕ್ಕಳು ಹೇಗಿದ್ದರೂ ಮೇಲೇರುತ್ತಲೇ ಇರುತ್ತಾರೆ. ಆ ವಯಸ್ಸಿನ ಮಗುವಿನ ಎರಡು ತುಣುಕು ಜೋಡಿಸಿ, ನಡುವಿನ ಬದಲಾವಣೆಯೆಲ್ಲ ತಮ್ಮ ವ್ಯಾಯಾಮದ ಫಲ ಅಂದರೆ ನಂಬುವುದು ಹೇಗೆ? 5ನೇ ಹಂತದ ಮಗುವಿನ ತಾಯಿ ಅದನ್ನು ನೋಡಿ ‘ನಾನೇ ಸರಿಯಾಗಿ ಮಾಡಿಸಲಿಲ್ಲ’ ಅಂತ ಕೊರಗುತ್ತಾರೆ. ಅದು ಅವರ ತಪ್ಪಲ್ಲವೇ ಅಲ್ಲ.

ಆರೋಗ್ಯದ ವಿಡಿಯೊಗಳ ಗುಣಮಟ್ಟ ಅಳೆಯಲು ಸಂಶೋಧಕರ ಬಳಿ ಕೆಲವು ಅಳತೆಗೋಲುಗಳಿವೆ. 1997ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆ ನಾಲ್ಕು ಪ್ರಶ್ನೆ ಮುಂದಿಟ್ಟಿತು: ಹೇಳಿದವರು ಯಾರು, ಎಲ್ಲಿಂದ ತಿಳಿದು ಹೇಳಿದರು, ಯಾವಾಗ ಹೇಳಿದರು, ಅದರಿಂದ ಅವರಿಗೇನು ಲಾಭ. 1999ರಲ್ಲಿ ಬಂದ ಡಿಸರ್ನ್ ಅನ್ನುವ ಪಟ್ಟಿಯಲ್ಲಿ 16 ಪ್ರಶ್ನೆಗಳಿವೆ. ಇವುಗಳಿಂದ ಉಪಯೋಗವಿದೆ. ವಿಡಿಯೊಗಳನ್ನು ಹೀಗೆ ಅಳೆದ ಅಧ್ಯಯನಗಳಲ್ಲಿ, ಜಾಸ್ತಿ ಜನ ನೋಡಿದ್ದು ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ ಅನ್ನುವುದು ಮತ್ತೆ ಮತ್ತೆ ಕಂಡುಬಂದಿದೆ. ಆದರೆ ಈ ಪಟ್ಟಿಗಳು ಹುಟ್ಟಿದ್ದು ಓದುವ ಮಾಹಿತಿಗಾಗಿ. ಹೆಸರು, ತಾರೀಖು, ಮೂಲ ಎಲ್ಲ ಹಾಕಿ ಒಳ್ಳೆ ಅಂಕ ತೆಗೆದುಕೊಂಡ ವಿಡಿಯೊದಲ್ಲೂ ಕೈ ತಪ್ಪು ಜಾಗದಲ್ಲಿ ಇರಬಹುದು. ಹಿಮ್ಮಡಿ ಇಳಿಯಿತಾ ಅಂತ ಕೇಳುವ ಪ್ರಶ್ನೆ ಆ ಪಟ್ಟಿಗಳಲ್ಲಿಲ್ಲ.

ಇನ್ನು, ಯಾವ ಬಗೆಯ ವ್ಯಾಯಾಮಕ್ಕೆ ಆಧಾರವಿದೆ ಅನ್ನುವ ಪ್ರಶ್ನೆ. ಮಗುವನ್ನು ಮಲಗಿಸಿಕೊಂಡು ಕೈಕಾಲು ಎಳೆಯುವುದೇ ಥೆರಪಿ ಅನ್ನುವ ಕಲ್ಪನೆ ವಿಡಿಯೊಗಳಲ್ಲಿ ಬಲವಾಗಿದೆ. ದೊಡ್ಡವರು, ಮಕ್ಕಳು ಇಬ್ಬರ ಮೇಲಿನ ಪ್ರಯೋಗಗಳನ್ನೂ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಅನ್ನುವ ಸಂಶೋಧನಾ ಜಾಲದ 2017ರ ವಿಮರ್ಶೆ ಹೇಳುವುದು ಬೇರೆ. ನರದ ತೊಂದರೆ ಇರುವವರಲ್ಲಿ 7 ತಿಂಗಳೊಳಗಿನ ಹಿಗ್ಗಿಸುವಿಕೆಯಿಂದ ಕೀಲಿನ ಚಲನೆಗೆ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಹಾಗಂತ ನಿಮ್ಮ ಥೆರಪಿಸ್ಟ್ ಹೇಳಿದ್ದನ್ನು ನಾಳೆಯೇ ಬಿಡಬೇಡಿ, ಅವರಿಗೆ ಬೇರೆ ಕಾರಣವಿರಬಹುದು, ಕೇಳಿ ತಿಳಿದುಕೊಳ್ಳಿ. ಫಲ ಕೊಡುವುದು ಮಗು ತಾನೇ ಮಾಡುವ ಕೆಲಸ. ಲೋಟ ಎತ್ತುವುದು, ಕುರ್ಚಿಯಿಂದ ಏಳುವುದು, ಚೆಂಡು ಒದೆಯುವುದು, ಸಾಕ್ಸ್ ಹಾಕಿಕೊಳ್ಳುವುದು: ಮಗುವಿಗೆ ಬೇಕಾದ ಒಂದು ಗುರಿ ಇಟ್ಟುಕೊಂಡು, ಅದೇ ಕೆಲಸವನ್ನು ನಿಜವಾದ ಜಾಗದಲ್ಲಿ ಮತ್ತೆ ಮತ್ತೆ ಮಾಡುವುದು. ಸೆರೆಬ್ರಲ್ ಪಾಲ್ಸಿ ಸಂಶೋಧಕಿ ಇಯೋನಾ ನೊವಾಕ್ ಮತ್ತು ಅವರ ಸಂಗಡಿಗರು 2009ರಲ್ಲಿ 36 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಮನೆಯವರೇ ಮಾಡಿಸಿದ ಇಂಥ ಅಭ್ಯಾಸದಿಂದ 8 ವಾರಗಳಲ್ಲಿ ಮಕ್ಕಳ ಕೆಲಸದ ಸಾಮರ್ಥ್ಯ ಸುಧಾರಿಸಿತು. ಮನೆಯಲ್ಲಿ ಮಾಡಿಸುವುದು ವ್ಯರ್ಥ ಅಂತ ನಾನು ಖಂಡಿತ ಹೇಳುತ್ತಿಲ್ಲ. ಆದರೆ ಅಲ್ಲಿ ಗುರಿ ಆರಿಸಿದ್ದು ಕುಟುಂಬ ಮತ್ತು ಥೆರಪಿಸ್ಟ್ ಒಟ್ಟಿಗೆ ಕೂತು, ಫೋನಿನ ಶಿಫಾರಸು ನೋಡಿ ಅಲ್ಲ.

ಯಾವ ವಿಡಿಯೊಗೂ ಕಾಣದ ಒಂದು ಜಾಗವಿದೆ, ಸೊಂಟದ ಕೀಲು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ತೊಡೆಮೂಳೆಯ ಗುಂಡು ತನ್ನ ಗುಳಿಯಿಂದ ಮೆಲ್ಲಗೆ ಜಾರುತ್ತದೆ. 5ನೇ ಹಂತದಲ್ಲಿ 10ರಲ್ಲಿ 9 ಮಕ್ಕಳಿಗೆ ಹೀಗಾಗಬಹುದು. ಮೊದಮೊದಲು ನೋವೂ ಇರುವುದಿಲ್ಲ, ಹೊರಗೂ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ. ಸ್ವೀಡನ್ 1994ರಲ್ಲೇ ಇದಕ್ಕಾಗಿ ನಿಯಮಿತ ತಪಾಸಣೆ ಶುರುಮಾಡಿ, ಕೀಲು ಪೂರ್ತಿ ತಪ್ಪುವುದನ್ನು ಬಹಳ ಮಟ್ಟಿಗೆ ತಡೆಯಿತು. ‘ತೊಡೆ ಅಗಲಿಸುವ 5 ವ್ಯಾಯಾಮ’ ಅನ್ನುವ ವಿಡಿಯೊ ‘ಕೊನೆಯ ಎಕ್ಸ್‌ರೇ ಯಾವಾಗ ತೆಗೆಸಿದಿರಿ?’ ಅಂತ ಮೊದಲು ಕೇಳಿದರೆ ಆ ಮಾಡಿದವರ ಮೇಲೆ ನನಗೆ ನಂಬಿಕೆ ಹುಟ್ಟುತ್ತದೆ.

ಹಾಗಂತ ಫೋನಿನ ಕ್ಯಾಮೆರಾ ನಮ್ಮ ಶತ್ರುವಲ್ಲ, ಅದನ್ನು ತಿರುಗಿಸಿ ಹಿಡಿಯಬೇಕು ಅಷ್ಟೆ. ಮಕ್ಕಳ ನರವೈದ್ಯ ಹೈಂಜ್ ಪ್ರೆಕ್ಟಲ್ ರೂಪಿಸಿದ ಒಂದು ಪರೀಕ್ಷೆಯಲ್ಲಿ 3ರಿಂದ 5 ತಿಂಗಳ ಕೂಸು ಅಂಗಾತ ಮಲಗಿ ಕೈಕಾಲು ಆಡಿಸುವುದನ್ನು ಕೆಲವು ನಿಮಿಷ ಚಿತ್ರೀಕರಿಸಿ, ತರಬೇತಿ ಪಡೆದವರು ನೋಡುತ್ತಾರೆ. ಆ ವಯಸ್ಸಿನಲ್ಲಿ ಇರಬೇಕಾದ ಸಣ್ಣ ಸಣ್ಣ ಚಡಪಡಿಕೆಯ ಚಲನೆ ಇಲ್ಲದಿದ್ದರೆ ಅದು ಸೆರೆಬ್ರಲ್ ಪಾಲ್ಸಿಯ ಬಲವಾದ ಮುನ್ಸೂಚನೆ. ಮನೆಯಲ್ಲಿ ಅಪ್ಪ ಅಮ್ಮ ಫೋನಿನಲ್ಲಿ ತೆಗೆದ ವಿಡಿಯೊವನ್ನೂ ಇದಕ್ಕೆ ಬಳಸುತ್ತಾರೆ. ಇಲ್ಲಿ ವಿಡಿಯೊ ಮನೆಯಿಂದ ಪರಿಣತರ ಕಡೆ ಹೋಗುತ್ತದೆ, ಅದರಲ್ಲಿರುವುದು ನಿಮ್ಮದೇ ಮಗು.

ವ್ಯಾಯಾಮಕ್ಕೂ ಹೀಗೇ ಮಾಡಬಹುದು. ಮುಂದಿನ ಸಲ ಥೆರಪಿಸ್ಟ್ ಹತ್ತಿರ ಹೋದಾಗ ಕೇಳಿ, ಅವರು ನಿಮ್ಮ ಮಗುವಿಗೆ ಮಾಡಿಸುವುದನ್ನು ಅಲ್ಲೇ ಚಿತ್ರೀಕರಿಸಿಕೊಳ್ಳಿ. ಮುಖ ಬೇಡ, ಕ್ಯಾಮೆರಾವನ್ನು ಕೆಳಗೆ ತಂದು ಪಕ್ಕದಿಂದ, ಅಂಗೈ ಮತ್ತು ಹಿಮ್ಮಡಿ ಎರಡೂ ಕಾಣುವ ಹಾಗೆ ಹಿಡಿಯಿರಿ. ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಅವರ ಬಾಯಿಂದಲೇ ಹೇಳಿಸಿ. ವಾರದ ಮೇಲೆ ಮನೆಯಲ್ಲಿ ನೀವು ಮಾಡಿಸುವುದನ್ನು ಅದೇ ಕೋನದಿಂದ ತೆಗೆದು ಅವರಿಗೆ ತೋರಿಸಿ, ಹಿಮ್ಮಡಿ ಇಳಿಯುತ್ತಿದೆಯಾ ಅಂತ ಕೇಳಿ.