ಹಳೇ ಇಟ್ಟಿಗೆ ಮನೆಗೆ ಸಿಮೆಂಟ್ ಯಾಕೆ ಒಗ್ಗುವುದಿಲ್ಲ?

ಹಳೇ ಇಟ್ಟಿಗೆ ಮನೆ ಉಳಿಸಿಕೊಳ್ಳಲು ಹೊರಟವರಿಗೆ ಸಲಹೆಗಳಿಗೇನೂ ಬರವಿಲ್ಲ. ಒಬ್ಬರು ಸಿಮೆಂಟ್ ಗಿಲಾವು ಮಾಡಿಸಿ ಅನ್ನುತ್ತಾರೆ, ಇನ್ನೊಬ್ಬರು ಸಿಮೆಂಟ್ ಮುಟ್ಟಲೇಬೇಡಿ ಅನ್ನುತ್ತಾರೆ. ಈ ಗೊಂದಲದ ಬೇರು ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ.

ಅದಕ್ಕೂ ಮುಂಚಿನ ಕಥೆ ಸರಳ. ಹರಪ್ಪದವರ ಕಾಲದಲ್ಲೇ ದಪ್ಪ, ಅಗಲ, ಉದ್ದ 1:2:4 ಪ್ರಮಾಣದಲ್ಲಿರುವ ಸುಟ್ಟ ಇಟ್ಟಿಗೆ ಇತ್ತು. ಮುಂದೆ ಸಾವಿರಾರು ವರ್ಷ ಇಟ್ಟಿಗೆಯನ್ನು ಹೆಚ್ಚಾಗಿ ಮಣ್ಣಿನಲ್ಲೋ ಸುಣ್ಣದ ಗಾರೆಯಲ್ಲೋ ಕಟ್ಟಿದರು. ಸುಣ್ಣದ ಗಾರೆ ಸಾಮಾನ್ಯವಾಗಿ ಇಟ್ಟಿಗೆಗಿಂತ ಮೆದು. ಗೋಡೆ ಹೀರಿದ ತೇವ ಇಟ್ಟಿಗೆಗಳ ನಡುವಿನ ಗಾರೆಯ ಸಂದಿನಿಂದಲೇ ಆರಿಹೋಗುತ್ತದೆ. ಕೂದಲೆಳೆಯಂಥ ಬಿರುಕು ಬಿಟ್ಟರೆ, ನೀರಿನಲ್ಲಿ ಕರಗಿದ ಸುಣ್ಣ ಅಲ್ಲೇ ಮತ್ತೆ ಹರಳುಗಟ್ಟಿ ಅದನ್ನು ಮುಚ್ಚುವುದೂ ಉಂಟು.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಇಂದಿನ ಸಿಮೆಂಟಿನ ಮೂಲವಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದರು. ಇಪ್ಪತ್ತನೇ ಶತಮಾನದಲ್ಲಿ ಸಿಮೆಂಟ್ ಎಲ್ಲೆಡೆ ಹಬ್ಬಿತು. ಬೇಗ ಗಟ್ಟಿಯಾಗುತ್ತದೆ, ಸುಣ್ಣದ ಹಾಗೆ ಜಾಸ್ತಿ ಕಾಯಬೇಕಿಲ್ಲ. ಹೊಸ ಕಟ್ಟಡಕ್ಕೆ ಸರಿಯೇ. ಆದರೆ ಅದೇ ಚೀಲ ಹಳೇ ಮನೆಯ ರಿಪೇರಿಗೂ ಬಂತು ನೋಡಿ, ತೊಂದರೆ ಅಲ್ಲಿಂದ.

ಸಂದಿಗೆ ಸಿಮೆಂಟ್ ತುಂಬಿದ ಹಳೇ ಗೋಡೆಯ ಹತ್ತಿರ ಹೋಗಿ ನೋಡಿ. ಎಷ್ಟೋ ಕಡೆ ಸಿಮೆಂಟ್ ಗೆರೆಗಳು ಬಲೆಯ ಹಾಗೆ ಎದ್ದು ನಿಂತಿರುತ್ತವೆ, ನಡುವಿನ ಇಟ್ಟಿಗೆ ಕುಳಿಬಿದ್ದಿರುತ್ತದೆ. ಬೆರಳಾಡಿಸಿದರೆ ಕೆಂಪು ಪುಡಿ ಉದುರುತ್ತದೆ. ಸಂದಿನಲ್ಲಿ ದಾರಿ ಸಿಗದ ತೇವ ಇಟ್ಟಿಗೆಯ ಮೂಲಕವೇ ಹೊರಬರುತ್ತದೆ. ಜೊತೆಗೆ ಬಂದ ಉಪ್ಪು ಒಳಗೇ ಹರಳಾಗಿ ಬೆಳೆದು ಇಟ್ಟಿಗೆಯನ್ನು ಪದರ ಪದರವಾಗಿ ಎಬ್ಬಿಸುತ್ತದೆ. ಗಾರೆ ಹೋದರೆ ಮತ್ತೆ ತುಂಬಬಹುದು. ನೂರಾರು ವರ್ಷದ ಇಟ್ಟಿಗೆ ಹೋದರೆ ತರುವುದೆಲ್ಲಿಂದ? ಹಾಗಂತ ರಿಪೇರಿ ಮಾಡಿಸಿದವರನ್ನು ದೂರುವಂತಿಲ್ಲ. ಮನೆ ಗಟ್ಟಿಯಾಗಲಿ ಅಂತಲೇ ಅವರು ದುಡ್ಡು ಸುರಿದದ್ದು, ಅಲ್ವಾ?

ಎಚ್ಚರಿಕೆಯ ಮಾತು ಹಳೆಯದೇ. ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮೋರಿಸ್ ಮತ್ತು ಸಂಗಡಿಗರು 1877ರಲ್ಲೇ ಸಂಘ ಕಟ್ಟಿ, ಹಳೇ ಕಟ್ಟಡವನ್ನು ಕೆರೆದು ಹೊಸದು ಮಾಡಬೇಡಿ, ದಿನವೂ ಆರೈಕೆ ಮಾಡಿ ಎಂದರು. ಹಳೇ ಕಟ್ಟಡಗಳ ರಕ್ಷಣೆಗೆಂದು ಹಲವು ದೇಶಗಳ ಪರಿಣತರು ಒಪ್ಪಿದ 1964ರ ವೆನಿಸ್ ಸನ್ನದು, ಮೂಲ ಹೇಗಿತ್ತೆಂಬ ಊಹೆ ಶುರುವಾದಲ್ಲಿ ಕೆಲಸ ನಿಲ್ಲಿಸಿ ಎಂದಿತು.

ಈಗ ತಿಳಿದವರು ಮೊದಲು ಸೂರು, ನೀರು ಹೋಗುವ ದಾರಿ ಸರಿಮಾಡುತ್ತಾರೆ. ಮೂಲ ಗಾರೆಯ ಚೂರು ಪರೀಕ್ಷಿಸಿ ಅಂಥದ್ದನ್ನೇ ಕಲಸುತ್ತಾರೆ. ಇಟ್ಟಿಗೆಯ ಅಂಚು ಮುರಿಯದಂತೆ, ಯಂತ್ರ ಹಾಕದೆ ಉಳಿಯಲ್ಲೇ ಸಂದು ಬಿಡಿಸುತ್ತಾರೆ. ಹೊಸ ಸುಣ್ಣ ಬೇಗ ಒಣಗಿ ಬಿರಿಯಬಾರದೆಂದು ಹಲವು ದಿನ ಒದ್ದೆ ಗೋಣಿತಟ್ಟು ಇಳಿಬಿಟ್ಟಿರುತ್ತಾರೆ.