ಟಾಡಾದಿಂದ ಯುಎಪಿಎವರೆಗೆ: ತಾತ್ಕಾಲಿಕ ಕಾನೂನು ಕಾಯಂ ಆದ ಬಗೆ

ಭಯೋತ್ಪಾದನೆ ನಿಗ್ರಹದ ಸುದ್ದಿ ಬಂದಾಗಲೆಲ್ಲ ಟಾಡಾ (ಭಯೋತ್ಪಾದಕ ಮತ್ತು ವಿಚ್ಛಿದ್ರಕಾರಿ ಚಟುವಟಿಕೆ ತಡೆ ಕಾಯ್ದೆ), ಪೋಟಾ (ಭಯೋತ್ಪಾದನೆ ತಡೆ ಕಾಯ್ದೆ), ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ), ಕೋಕಾ (ಕರ್ನಾಟಕದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ) ಎಂಬ ಹೆಸರುಗಳು ಒಟ್ಟೊಟ್ಟಿಗೆ ಕಿವಿಗೆ ಬೀಳುತ್ತವೆ. ಯಾವುದು ರದ್ದಾಗಿದೆ, ಯಾವುದು ಜಾರಿಯಲ್ಲಿದೆ ಎಂಬುದು ವಕೀಲರಲ್ಲದವರಿಗೆ ಗೊತ್ತಾಗುವುದೇ ಇಲ್ಲ. 2024ರ ಜುಲೈ 1ರಿಂದ ಈ ಗೋಜಲಿಗೆ ಇನ್ನೊಂದು ಎಳೆ ಸೇರಿದೆ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಂ ಕೂಡ ಭಯೋತ್ಪಾದಕ ಕೃತ್ಯವನ್ನು ಅಪರಾಧವೆಂದು ವಿವರಿಸುತ್ತದೆ. ಒಂದೇ ಘಟನೆಗೆ ಈ ಕಲಂ ಹಾಕಬೇಕೋ ಯುಎಪಿಎ ಹಾಕಬೇಕೋ ಎಂಬುದನ್ನು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತೀರ್ಮಾನಿಸುತ್ತಾರೆ. ಜಾಮೀನಿಗೆ ವಿಶೇಷ ಅಡ್ಡಿ ಇರುವುದು ಯುಎಪಿಎಯಲ್ಲಿ ಮಾತ್ರ, 113ರಲ್ಲಿ ಇಲ್ಲ. ಆರೋಪಿ ಎಷ್ಟು ವರ್ಷ ಒಳಗಿರುತ್ತಾನೆ ಎಂಬುದು ಎಷ್ಟೋ ಸಲ ಈ ಒಂದು ಆಯ್ಕೆಯಲ್ಲೇ ನಿಶ್ಚಯವಾಗಿಬಿಡುತ್ತದೆ.

1919ರ ರೌಲತ್ ಕಾಯ್ದೆಯಿಂದ 1971ರ ಮೀಸಾದವರೆಗಿನದು (ಆಂತರಿಕ ಭದ್ರತಾ ಕಾಯ್ದೆ) ಬಹುಪಾಲು ಮುನ್ನೆಚ್ಚರಿಕೆ ಬಂಧನದ, ಅಂದರೆ ಅಪರಾಧ ನಡೆಯುವ ಮೊದಲೇ ಹಿಡಿದಿಡುವ ಕಥೆ. ಭಯೋತ್ಪಾದನೆಗೆಂದೇ ಪ್ರತ್ಯೇಕ ಅಪರಾಧ, ಪ್ರತ್ಯೇಕ ನ್ಯಾಯಾಲಯ, ಪ್ರತ್ಯೇಕ ಸಾಕ್ಷ್ಯ ನಿಯಮ ಬಂದದ್ದು ಟಾಡಾ ಜೊತೆ. ಪಂಜಾಬ್ ಹೊತ್ತಿ ಉರಿಯುತ್ತಿತ್ತು. 1985ರ ಮೇ ತಿಂಗಳಲ್ಲಿ ದೆಹಲಿ ಮತ್ತು ಸುತ್ತಮುತ್ತ ಟ್ರಾನ್ಸಿಸ್ಟರ್ ರೇಡಿಯೊದೊಳಗೆ ಇಟ್ಟ ಬಾಂಬ್‌ಗಳು ಸಿಡಿದವು. ಎರಡು ವಾರ ಕಳೆಯುವುದರೊಳಗೆ ಕಾಯ್ದೆ ಸಿದ್ಧವಾಯಿತು. ಅದರ ಆಯಸ್ಸು ಎರಡೇ ವರ್ಷ ಎಂದು ಕಾಯ್ದೆಯಲ್ಲೇ ಬರೆದಿತ್ತು. 1987ರಲ್ಲಿ ಮತ್ತೆ ರೂಪಿಸಿ, ಮತ್ತೆ ಮತ್ತೆ ವಿಸ್ತರಿಸಿ, ಕೊನೆಗೆ 1995ರ ಮೇ 23ಕ್ಕೆ ಅದು ಮುಗಿಯಿತು. ಅಷ್ಟರೊಳಗೆ ಸುಮಾರು 76,000 ಮಂದಿ ಅದರಡಿ ಬಂಧನಕ್ಕೊಳಗಾಗಿದ್ದರು. ಶಿಕ್ಷೆಯಾದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಇದನ್ನು ನವೀಕರಿಸಬೇಡಿ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಂದಿನ ಅಧ್ಯಕ್ಷರೇ ಸಂಸದರಿಗೆ ಪತ್ರ ಬರೆದಿದ್ದರು.

ಟಾಡಾದಲ್ಲಿ ಮೂರು ಕೊಂಡಿಗಳಿದ್ದವು. ಒಂದು, 15ನೇ ಕಲಂ: ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೇ ಸಾಕ್ಷ್ಯ. ಮಾಮೂಲಿ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಎರಡು, 20ನೇ ಕಲಂ: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಮಾತ್ರ ಜಾಮೀನು. ಸಾಕ್ಷಿ ವಿಚಾರಣೆಯೇ ಶುರುವಾಗದೆ ಹಾಗೆ ಅನ್ನಿಸುವುದು ಹೇಗೆ? ಮೂರು, 19ನೇ ಕಲಂ: ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೆ, ನಡುವೆ ಹೈಕೋರ್ಟ್ ಇಲ್ಲ. 1994ರ ಮಾರ್ಚ್‌ನಲ್ಲಿ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಹೇಳಿಕೆಯನ್ನು ಆರೋಪಿಯ ಮಾತಿನಲ್ಲೇ ಬರೆದುಕೊಳ್ಳಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ನಿಯಮಗಳನ್ನೂ ಹಾಕಿತು. ಆ ಹೊತ್ತಿಗೆ ಕಾಯ್ದೆಗೆ ಒಂಬತ್ತು ವರ್ಷ ತುಂಬುತ್ತಾ ಬಂದಿತ್ತು.

ಪಂಜಾಬಿಗೆಂದು ಮಾಡಿದ ಕಾನೂನು ಮಲೆ ಮಹದೇಶ್ವರ ಬೆಟ್ಟದ ತಪ್ಪಲಿಗೆ ಬಂದದ್ದು ವೀರಪ್ಪನ್ ಕಾರಣಕ್ಕೆ. ಆನೆ ದಂತ, ಗಂಧದ ಕಳ್ಳಸಾಗಣೆಯ ಪ್ರಕರಣಗಳು ಪೊಲೀಸರ ಹತ್ಯೆಗೆ ತಿರುಗಿದ್ದವು. 1992ರ ಆಗಸ್ಟ್ 14ರಂದು ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಇದರ ಭೀಕರತೆಯ ಬಗ್ಗೆ ಎರಡು ಮಾತಿಲ್ಲ. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಕಾಡಂಚಿನ ಹಳ್ಳಿಗಳಿಗೆ ನುಗ್ಗಿತು. ಅಕ್ಕಿ ಕೊಟ್ಟವರು, ದಾರಿ ತೋರಿಸಿದವರು, ಕೊಟ್ಟರೆಂಬ ಗುಮಾನಿಗೆ ಒಳಗಾದವರು, ಸೋಲಿಗರು, ತಮಿಳು ಮಾತಾಡುವ ರೈತ ಕೂಲಿಗಳು ಹೀಗೆ ನೂರಕ್ಕೂ ಹೆಚ್ಚು ಜನ ಮೈಸೂರಿನ ಟಾಡಾ ನ್ಯಾಯಾಲಯದ ಕಟಕಟೆಗೆ ಬಂದರು. ಬಂದೂಕು ತೋರಿಸಿ ಕೇಳಿದವನಿಗೆ ಅಕ್ಕಿ ಕೊಡುವುದು ನೆರವೋ ಭಯವೋ ಎಂದು ವಿಂಗಡಿಸುವ ವ್ಯವಧಾನ ಆ ಕಾಯ್ದೆಗೆ ಇರಲಿಲ್ಲ.

ಇಲ್ಲಿ ದಿನಗಳ ಲೆಕ್ಕ ಮುಖ್ಯ, ಗಡುವಿನೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಆರೋಪಿಗೆ ಜಾಮೀನಿನ ಹಕ್ಕಿದೆ. ಚಾರ್ಜ್‌ಶೀಟ್ ಹಾಕಲು ಟಾಡಾ ಮೊದಲು ಒಂದು ವರ್ಷದ ಗಡುವು ಕೊಟ್ಟಿತ್ತು. 1993ರ ತಿದ್ದುಪಡಿಯಲ್ಲಿ ಅದನ್ನು 180 ದಿನಕ್ಕೆ ಇಳಿಸಿ, ಸರ್ಕಾರಿ ಅಭಿಯೋಜಕರು ಕಾರಣ ಬರೆದು ವರದಿ ಕೊಟ್ಟರೆ ಒಟ್ಟು ಒಂದು ವರ್ಷದವರೆಗೆ ಎಳೆಯಲು ಅವಕಾಶ ಇಟ್ಟರು. ಈ ಎಣಿಕೆ ಶುರುವಾಗುವುದು ಮನೆಯಿಂದ ಎತ್ತಿಕೊಂಡು ಹೋದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಒಪ್ಪಿಸಿದ (ರಿಮ್ಯಾಂಡ್) ದಿನದಿಂದ. ನಡುವೆ ಯಾರನ್ನಾದರೂ ಕಾರ್ಯಪಡೆಯ ಕ್ಯಾಂಪಿನಲ್ಲಿ ಇಟ್ಟುಕೊಂಡಿದ್ದರೆ ಆ ದಿನಗಳು ಯಾವ ಕಡತದಲ್ಲೂ ಇರುವುದಿಲ್ಲ. ಜಾಮೀನು ಸಿಕ್ಕರೂ ಶ್ಯೂರಿಟಿಗೆ ಪಹಣಿ ಬೇಕು. ಕಾಡಂಚಿನಲ್ಲಿ ಎಷ್ಟೋ ಕುಟುಂಬಗಳಿಗೆ ಹೆಸರಿನಲ್ಲಿ ಜಮೀನೇ ಇರುವುದಿಲ್ಲ. ವಾಯಿದೆಗೆ ಬೆಟ್ಟದಿಂದ ಮೈಸೂರಿಗೆ ನೂರೈವತ್ತು ಕಿಲೋಮೀಟರ್ ಹತ್ತಿರ, ಹೋದ ದಿನದ ಕೂಲಿ ಹೋಯಿತು.

1995ರಲ್ಲಿ ಟಾಡಾ ಮುಗಿದಾಗ ಇವರ ಪ್ರಕರಣಗಳು ಮುಗಿಯಲಿಲ್ಲ. ಬಾಕಿ ಪ್ರಕರಣಗಳು ಅದೇ ಕಾಯ್ದೆಯಡಿ ಮುಂದುವರಿಯುತ್ತವೆ ಎಂಬ ಉಳಿಕೆ ಕಲಂ ಅದರಲ್ಲೇ ಇತ್ತು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ ಈ ಕೈದಿಗಳು ಇದ್ದಾರೆಂಬುದು ರಾಜ್ಯಕ್ಕೆಲ್ಲ ನೆನಪಾಯಿತು. ಅವರನ್ನು ಬಿಡಬೇಕೆಂಬುದು ಅಪಹರಣಕಾರರ ಬೇಡಿಕೆಗಳಲ್ಲಿ ಒಂದು. ಜಾಮೀನು ಸುಲಭವಾಗಲೆಂದು ಸರ್ಕಾರ ಟಾಡಾ ಆರೋಪಗಳನ್ನು ಹಿಂಪಡೆಯಲು ಹೊರಟಿತು. ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ಅಭಿಯೋಜಕರು ಸ್ವತಃ ವಿವೇಚಿಸದೆ ಸರ್ಕಾರ ಹೇಳಿದ್ದಕ್ಕೆ ಅರ್ಜಿ ಹಾಕುವಂತಿಲ್ಲ ಎಂದು ನವೆಂಬರ್‌ನಲ್ಲಿ ಕೋರ್ಟ್ ತಡೆಯಿತು. ಮಗನನ್ನು ಕಳೆದುಕೊಂಡ ತಂದೆಯ ವಾದಕ್ಕೆ ಬಲವಿತ್ತು. ಏಳು ವರ್ಷ ವಿಚಾರಣೆ ಮುಗಿಯದೆ ಕೊಳೆಯುತ್ತಿದ್ದವರ ಪರವಾಗಿ ಅದೇ ಗಟ್ಟಿ ದನಿಯಲ್ಲಿ ಕೇಳುವವರು ಇರಲಿಲ್ಲ.

2001ರಲ್ಲಿ ಮೈಸೂರಿನ ತೀರ್ಪು ಬಂದಾಗ ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಅವರಲ್ಲಿ ಹಲವರು ಏಳೆಂಟು ವರ್ಷ ಒಳಗಿದ್ದವರು. ಪಾಲಾರ್ ಪ್ರಕರಣದಲ್ಲಿ ಜೀವಾವಧಿಯಾಗಿದ್ದ ನಾಲ್ವರು ಮೇಲ್ಮನವಿ ಹಾಕಿದರು. ಹೈಕೋರ್ಟಿನ ಮೆಟ್ಟಿಲಿಲ್ಲ, ನೇರ ದೆಹಲಿ. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಬೇರೆ ಕಾಯ್ದೆಯಡಿ ಆಗಿದ್ದರೆ ಮರಣದಂಡನೆಯ ಮೊದಲ ಆದೇಶದ ಮೇಲೆ ಒಂದು ಮೇಲ್ಮನವಿಯಾದರೂ ಉಳಿದಿರುತ್ತಿತ್ತು. ಇವರಿಗೆ ಉಳಿದದ್ದು ಮರುಪರಿಶೀಲನೆ, ಕ್ಷಮಾದಾನ ಅಷ್ಟೇ. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆತು 2013ರಲ್ಲಿ ತಿರಸ್ಕೃತವಾಯಿತು. ಆ ವಿಳಂಬವೇ ಕಾರಣವಾಗಿ 2014ರ ಜನವರಿ 21ರಂದು ಶಿಕ್ಷೆ ಮತ್ತೆ ಜೀವಾವಧಿಗೆ ಇಳಿಯಿತು.

ಕಾರ್ಯಪಡೆಯ ವಿರುದ್ಧದ ದೂರುಗಳ ವಿಚಾರಣೆಗೆ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ನೇಮಿಸಿತ್ತು. ವರದಿ ಸಲ್ಲಿಕೆಯಾದದ್ದು 2003ರ ಕೊನೆಗೆ. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಲು ಆಯೋಗ ಎರಡೂ ರಾಜ್ಯಗಳಿಗೆ ಹೇಳಿತು. ಅಷ್ಟರೊಳಗೆ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು.

ಸಂಸತ್ತಿನ ಮೇಲಿನ ದಾಳಿಯ ನಂತರ 2002ರಲ್ಲಿ ಬಂದ ಪೋಟಾ ಮೂರು ವರ್ಷದ ಗಡುವಿನೊಂದಿಗೇ ಬಂದು 2004ರಲ್ಲಿ ರದ್ದಾಯಿತು. ರದ್ದತಿಯ ಸಂಭ್ರಮದಲ್ಲಿ ಹೆಚ್ಚು ಜನ ಗಮನಿಸದ ಸಂಗತಿ ಒಂದಿದೆ. ಪೋಟಾದ ಭಯೋತ್ಪಾದನೆ ಅಧ್ಯಾಯಗಳನ್ನು ಅದೇ ಹೊತ್ತಿಗೆ 1967ರ ಯುಎಪಿಎಗೆ ವರ್ಗಾಯಿಸಲಾಯಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೈಬಿಟ್ಟದ್ದು ನಿಜಕ್ಕೂ ಸುಧಾರಣೆ. ಜೊತೆಗೆ ಗಡುವೂ ಬಿಟ್ಟುಹೋಯಿತು. ಯುಎಪಿಎಗೆ ಮುಗಿಯುವ ತಾರೀಖೇ ಇಲ್ಲ, ಹಾಗಾಗಿ ಸಂಸತ್ತು ಕೆಲವು ವರ್ಷಕ್ಕೊಮ್ಮೆ ಕೂತು ಇದು ಇನ್ನೂ ಬೇಕೇ ಎಂದು ಕೇಳುವ ಪ್ರಸಂಗವೂ ಇಲ್ಲ. ಮುಂಬೈ ದಾಳಿಯ ಬೆನ್ನಲ್ಲೇ 2008ರಲ್ಲಿ 43ಡಿ ಕಲಂ ಸೇರಿತು: 30 ದಿನ ಪೊಲೀಸ್ ಕಸ್ಟಡಿ, ಚಾರ್ಜ್‌ಶೀಟ್‌ಗೆ 90 ದಿನ, ಕೋರ್ಟ್ ವಿಸ್ತರಿಸಿದರೆ 180 ದಿನದವರೆಗೆ, ನಿರೀಕ್ಷಣಾ ಜಾಮೀನು ಇಲ್ಲ, ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನೂ ಇಲ್ಲ. 2019ರಲ್ಲಿ ಸಂಘಟನೆಯನ್ನಷ್ಟೇ ಅಲ್ಲ, ವ್ಯಕ್ತಿಯನ್ನೂ ಭಯೋತ್ಪಾದಕ ಎಂದು ಘೋಷಿಸುವ ಅಧಿಕಾರ ಬಂತು.

ಕೋರ್ಟಿನ ಮಟ್ಟದಲ್ಲಿ ಎರಡೂ ಕಡೆಯವರು ಎಡವುವುದು ಹೆಚ್ಚಾಗಿ 90ನೇ ದಿನದ ಆಸುಪಾಸಿನಲ್ಲಿ. ಗಡುವು ವಿಸ್ತರಿಸಲು ಅಭಿಯೋಜಕರ ವರದಿ ಬೇಕು, ಅದರಲ್ಲಿ ತನಿಖೆಯ ಪ್ರಗತಿ ಮತ್ತು ಇನ್ನೂ ಬಂಧನ ಏಕೆ ಬೇಕೆಂಬ ನಿರ್ದಿಷ್ಟ ಕಾರಣ ಇರಬೇಕು. ವಿಸ್ತರಣೆ ಆಗದಿದ್ದರೆ 91ನೇ ದಿನ ಬೆಳಿಗ್ಗೆಯೇ ಕಡ್ಡಾಯ ಜಾಮೀನಿಗೆ ಅರ್ಜಿ ಬೀಳಬೇಕು. ಚಾರ್ಜ್‌ಶೀಟ್ ಮೊದಲು ಬಂತೋ, ಹಕ್ಕು ಹೋಯಿತು. ಆ ದಿನ ಲೆಕ್ಕವಿಟ್ಟು ಕಾಯುವ ವಕೀಲ ಎಲ್ಲ ಆರೋಪಿಗೂ ಸಿಗುವುದಿಲ್ಲ. ವಿಚಾರಣೆ ವಿಪರೀತ ತಡವಾದರೆ 43ಡಿ ಅಡ್ಡಿ ಇದ್ದರೂ ಜಾಮೀನು ಕೊಡಬಹುದು ಎಂದು 2021ರ ಫೆಬ್ರುವರಿಯಲ್ಲಿ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಆರೋಪಿ ಐದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ. ಬಂಧನದ ಕಾರಣವನ್ನು ಬರಹದಲ್ಲಿ ಕೊಡಲೇಬೇಕು ಎಂಬುದು 2024ರ ತೀರ್ಪು.

ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿ ಮತ್ತು ಅವರ ತಂದೆಯ ಯುಎಪಿಎ ಪ್ರಕರಣದಲ್ಲಿ ಮಹಜರಿಗೆ ಸೇರಿದ್ದ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ ಮತ್ತು ಪತ್ರಿಕೆಯ ತುಣುಕುಗಳಿದ್ದವು. ಊರಿಗೆ ಸೌಕರ್ಯ ಕೊಡುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂಬ ಪತ್ರವೂ ಇತ್ತು. ನಕ್ಸಲ್ ನಂಟಿನ ಆರೋಪದಲ್ಲಿ 2012ರ ಮಾರ್ಚ್‌ನಲ್ಲಿ ಬಂಧನ. ಕೈಗೆ ಕೋಳ ತೊಡಿಸಿಕೊಂಡೇ ಪರೀಕ್ಷೆಗೆ ಬಂದ ಚಿತ್ರ ಪತ್ರಿಕೆಗಳಲ್ಲಿ ಬಂತು. ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರ್‌ನಲ್ಲಿ.

ತಪ್ಪು ಪ್ರಕರಣದ ನಷ್ಟ ಆರೋಪಿಗಷ್ಟೇ ಅಲ್ಲ. 2006ರ ಮುಂಬೈ ಲೋಕಲ್ ರೈಲು ಸ್ಫೋಟದಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಪೊಲೀಸ್ ತಪ್ಪೊಪ್ಪಿಗೆಯನ್ನು ಒಪ್ಪುವ, ಮಹಾರಾಷ್ಟ್ರದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯಾದ ಮಕೋಕಾ ಅಡಿ ಶಿಕ್ಷೆಯಾಗಿದ್ದ 12 ಮಂದಿಯನ್ನು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ಖುಲಾಸೆ ಮಾಡಿತು. ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸದಂತೆ ಸುಪ್ರೀಂ ಕೋರ್ಟ್ ಅದೇ ತಿಂಗಳು ತಡೆಯಿತು. ಹಾಗಾದರೆ ಬಾಂಬಿಟ್ಟವರು ಯಾರು ಎಂದು ಸತ್ತವರ ಮನೆಯವರು ಹತ್ತೊಂಬತ್ತು ವರ್ಷದ ನಂತರ ಮತ್ತೆ ಕೇಳಬೇಕಾಯಿತು. ನಮ್ಮ ರಾಜ್ಯದ 2000ದ ಕೋಕಾ ಕೂಡ ಅದೇ ಮಕೋಕಾ ಮಾದರಿಯದು.

ತಪ್ಪು ಮೊಕದ್ದಮೆಗೆ ಸಿಲುಕಿ ಖುಲಾಸೆಯಾದವರಿಗೆ ಸರ್ಕಾರದಿಂದ ಪರಿಹಾರ ಸಿಗುವಂತೆ ಕಾನೂನು ಮಾಡಬೇಕೆಂದು ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಅದು ಕಾನೂನಾಗಿಲ್ಲ. ಆಧಾರವಿಲ್ಲದೆ ಬಂಧನಕ್ಕೊಳಗಾದವರಿಗೆ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದ್ದ ಕಲಂ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಾಗೇ ಮುಂದುವರಿದಿದೆ. ಅದರ ಮಿತಿ ಒಂದು ಸಾವಿರ ರೂಪಾಯಿ. ಅದನ್ನೂ ಕಟ್ಟಬೇಕಾದದ್ದು ಸರ್ಕಾರವಲ್ಲ, ಪೊಲೀಸರು ಬಂಧಿಸಲು ಕಾರಣನಾದ ವ್ಯಕ್ತಿ.